ಮೆಲುಕು ನಿಂತಾಗ: ರಂಗದ ಮೇಲೆ ಹಸುವಿನ, ಹುಲಿಯ ಮೈ ಕಟ್ಟುವ ಬಗೆ

ಮಲಗಿದ ಹಸು ಏಳುವಾಗ ಮೊದಲು ಎತ್ತುವುದು ಹಿಂಭಾಗವನ್ನು. ಮುಂಗಾಲುಗಳು ಇನ್ನೂ ಮಂಡಿಯೂರಿಯೇ ಇರುತ್ತವೆ, ಸೊಂಟ ಮೇಲೇರುತ್ತದೆ, ನೆಲಕ್ಕೆ ತಲೆಬಾಗಿದಂತೆ ಅರೆಗಳಿಗೆ ತಡೆಯುತ್ತದೆ, ಆಮೇಲೆ ಒಂದು ಮುಂಗಾಲು, ಹಿಂದೆಯೇ ಇನ್ನೊಂದು. ಕುದುರೆಯದು ಇದಕ್ಕೆ ತಿರುಗಾಮುರುಗಾ. ಅದು ಮುಂಗಾಲು ಚಾಚಿ, ಎದೆ ಎತ್ತಿ, ಕೊನೆಗೆ ಹಿಂಭಾಗವನ್ನು ಮೇಲೆ ತರುತ್ತದೆ. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಲೇ ದೊಡ್ಡವಳಾದ ನನಗೆ ಇದು ಕಣ್ಣಿಗೆ ಬಿದ್ದದ್ದು ಮೂವತ್ತು ದಾಟಿದ ಮೇಲೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ತಾಲೀಮಿನ ನಡುವೆ ನನ್ನನ್ನು ತಡೆದು, “ಟೀಚರ್, ನಮ್ಮನೆ ಹಸು ಹಾಗೆ ಏಳುವುದಿಲ್ಲ” ಎಂದಳು. ಅವತ್ತು ಪುಣ್ಯಕೋಟಿಯ ಪಾತ್ರಕ್ಕೆ ನಾನು ಕಲಿಸುತ್ತಿದ್ದದ್ದು ಕುದುರೆ ಏಳುವ ಬಗೆ.

ಸಾಗರದ ಕಡೆಯ ಶಾಲೆಗಳಲ್ಲಿ ಹದಿನೆಂಟು ವರ್ಷಗಳಿಂದ ಮಕ್ಕಳಿಗೆ ನಾಟಕ ಮಾಡಿಸುತ್ತಿದ್ದೇನೆ. ಗೋವಿನ ಹಾಡಿನ ಕಥೆಯನ್ನು ನಾಲ್ಕು ಸಲ ರಂಗಕ್ಕೆ ತಂದಿದ್ದೇನೆ. ವಾರ್ಷಿಕೋತ್ಸವಕ್ಕೋ ಬೇಸಿಗೆ ಶಿಬಿರಕ್ಕೋ ಪ್ರಾಣಿಗಳಿರುವ ನಾಟಕವನ್ನು ಕೈಗೆತ್ತಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖವಾಡ, ರಟ್ಟಿನ ಕೊಂಬು, ಬಟ್ಟೆಯ ಬಾಲ ಇಲ್ಲದೆ ಬರಿಯ ಮೈಯಿಂದ ಪ್ರಾಣಿಯನ್ನು ಕಟ್ಟುವುದು ಸಾಧ್ಯ. ಹಾಗೆ ಕಟ್ಟಿದ ಪ್ರಾಣಿಯನ್ನು ಕೊನೆಯ ಸಾಲಿನಲ್ಲಿ ಕೂತ ಅಜ್ಜಿಯೂ ಗುರುತಿಸುತ್ತಾರೆ. ಅದಕ್ಕೆ ನಾನು ಹಿಡಿದಿರುವ ದಾರಿ ಒಂದೇ: ಮೊದಲು ಪ್ರಾಣಿಯನ್ನು ನಿಲ್ಲಿಸಲು ಕಲಿಸಬೇಕು, ನಡಿಗೆ ಆಮೇಲೆ. ಹೆಚ್ಚಿನವರು ಮೊದಲ ದಿನವೇ ಮಕ್ಕಳನ್ನು ಅಂಬೆಗಾಲಿಗೆ ಇಳಿಸಿ “ಅಂಬಾ” ಎನ್ನಿಸುತ್ತಾರೆ. ಅಲ್ಲಿಗೆ ಮಗು ಹಸುವನ್ನು ನೋಡುವುದನ್ನು ಬಿಡುತ್ತದೆ, ತನ್ನ ತಲೆಯೊಳಗಿರುವ ಹಸುವಿನ ಚಿತ್ರವನ್ನು ಆಡತೊಡಗುತ್ತದೆ.

ನನ್ನದು ಇಪ್ಪತ್ತು ದಿನಗಳ ತಾಲೀಮು, ದಿನಕ್ಕೆ ಒಂದೂವರೆ ಗಂಟೆ. ಮೊದಲ ನಾಲ್ಕು ದಿನ ಮಾತೂ ಇಲ್ಲ, ಪಾತ್ರ ಹಂಚಿಕೆಯೂ ಇಲ್ಲ. ಮೊದಲ ದಿನ ಮನೆಗೆ ಕಳಿಸುವಾಗ ಒಂದು ಕೆಲಸ ಕೊಡುತ್ತೇನೆ. ಮನೆಯದೋ ಪಕ್ಕದ ಮನೆಯದೋ ಒಂದು ಹಸುವಿನ ಎದುರು ಹತ್ತು ನಿಮಿಷ ಸುಮ್ಮನೆ ಕೂತು, ಅದು ಏನೂ ಮಾಡದೆ ಇರುವಾಗ ಏನೇನು ಮಾಡುತ್ತದೆ ಎಂದು ನೋಡಿಕೊಂಡು ಬರಬೇಕು. ಬರೆದುಕೊಳ್ಳುವುದು ಬೇಡ, ಮರುದಿನ ಮೈಯಲ್ಲಿ ತೋರಿಸಿದರೆ ಸಾಕು. “ಹಸು ಹೇಗೆ ನಡೆಯುತ್ತದೆ” ಎಂದು ಕೇಳಿದರೆ ಎಲ್ಲ ಮಕ್ಕಳೂ ಒಂದೇ ನಡಿಗೆ ತರುತ್ತಾರೆ. “ಏನೂ ಮಾಡದೆ ಇರುವಾಗ” ಎಂದು ಕೇಳಿದರೆ ಇಪ್ಪತ್ತು ಮಕ್ಕಳು ಇಪ್ಪತ್ತು ಸಂಗತಿ ತರುತ್ತಾರೆ. ನೊಣ ಕೂತ ಜಾಗದಲ್ಲಿ ಮಾತ್ರ ಹೆಗಲಿನ ಚರ್ಮ ನಡುಗುತ್ತದೆ ಎಂದು ಒಬ್ಬ ಹೇಳಿದ. ಒಂದು ಕಿವಿ ಮುಂದೆ, ಇನ್ನೊಂದು ಹಿಂದೆ ಇರುತ್ತದೆ ಎಂದು ಇನ್ನೊಬ್ಬಳು. ನಾಲಗೆ ಮೂಗಿನ ಹೊಳ್ಳೆಯೊಳಕ್ಕೇ ಹೋಗುತ್ತದೆ ಎಂದು ಮತ್ತೊಬ್ಬ. ಹುಲ್ಲನ್ನು ಹಲ್ಲಿನಿಂದ ಕತ್ತರಿಸುವುದಿಲ್ಲ, ನಾಲಗೆ ಸುತ್ತಿ ಕಿತ್ತುಕೊಳ್ಳುತ್ತದೆ ಎಂದು ಕಂಡುಹಿಡಿದ ಹುಡುಗನಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಅಲ್ಲಿರುವುದು ಗಟ್ಟಿಯಾದ ವಸಡು. ಈ ಒಂದು ಸಂಗತಿ ಗೊತ್ತಾದ ಕೂಡಲೇ ಮಗು ಮೇಯುವಾಗ ತಲೆಯನ್ನು ಆಡಿಸುವ ರೀತಿ ಬದಲಾಗುತ್ತದೆ. ಗಲ್ಲ ಮುಂದಕ್ಕೆ ಚಾಚುತ್ತದೆ, ಕತ್ತು ಸಣ್ಣದಾಗಿ ಮೇಲಕ್ಕೆ ಎಳೆಯುತ್ತದೆ.

ಪೇಟೆಯ ಮಕ್ಕಳಿಗೆ ಬೀದಿಯ ಹಸು ಸಿಗುತ್ತದೆ, ಹುಲಿಯ ಬದಲಿಗೆ ಬೆಕ್ಕು ಸಿಗುತ್ತದೆ. ಮೊಬೈಲ್‌ನಲ್ಲಿ ವಿಡಿಯೊ ತೋರಿಸುವುದನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೇನೆ. ವಿಡಿಯೊ ಮಾಡುವವರು ಪ್ರಾಣಿ ಓಡುವಾಗ, ಬೇಟೆಯಾಡುವಾಗ ಚಿತ್ರೀಕರಿಸುತ್ತಾರೆ. ಸುಮ್ಮನೆ ನಿಂತ ಪ್ರಾಣಿಯನ್ನು ಯಾರೂ ಹತ್ತು ನಿಮಿಷ ತೋರಿಸುವುದಿಲ್ಲ.

ಎರಡನೆಯ ದಿನ ಮೂಳೆಯ ಪಾಠ. ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ, ಹಸುವಿನ ಹಿಂಗಾಲಿನ ಮಂಡಿ ಹಿಂದಕ್ಕೆ ಮಡಚುತ್ತದೆ ಎಂದು. ಅದು ಮಂಡಿಯೇ ಅಲ್ಲ, ಹಿಮ್ಮಡಿ. ನಿಜವಾದ ಮಂಡಿ ಹೊಟ್ಟೆಯ ಹತ್ತಿರ ಚರ್ಮದೊಳಗೆ ಅಡಗಿದೆ. ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ಅದರ ಮಣಿಕಟ್ಟು. ಗೊರಸು ಎಂದರೆ ಎರಡು ಬೆರಳುಗಳ ಉಗುರು. ಅಂದರೆ ಹಸು ಹುಟ್ಟಿದಂದಿನಿಂದ ಬೆರಳ ತುದಿಯಲ್ಲೇ ನಡೆಯುತ್ತಿದೆ. ಹುಲಿ, ಬೆಕ್ಕು, ನಾಯಿ ನಿಲ್ಲುವುದು ಇಡೀ ಬೆರಳುಗಳ ಮೇಲೆ, ಹಿಮ್ಮಡಿ ಎತ್ತಿಕೊಂಡು. ಕರಡಿ ಮಾತ್ರ ನಮ್ಮ ಹಾಗೆ ಹಿಮ್ಮಡಿಯನ್ನೂ ನೆಲಕ್ಕೆ ಊರುತ್ತದೆ, ಅದಕ್ಕೇ ಅದರ ನಡಿಗೆ ಮನುಷ್ಯನ ನಡಿಗೆಯಂತೆ ಕಾಣುತ್ತದೆ. ಕರಿಹಲಗೆಯ ಮೇಲೆ ಮನುಷ್ಯನ ಕಾಲು, ಹಸುವಿನ ಕಾಲು ಪಕ್ಕಪಕ್ಕದಲ್ಲಿ ಬರೆದು ಹಿಮ್ಮಡಿ ಎಲ್ಲಿದೆ ಎಂದು ಗುರುತು ಹಾಕಿಸಿ. ಆಮೇಲೆ ಎಲ್ಲರೂ ಎದ್ದು ತುದಿಗಾಲಲ್ಲಿ ನಿಂತು, ಮಂಡಿ ಸ್ವಲ್ಪ ಬಗ್ಗಿಸಿ, ತಮ್ಮ ಹಿಮ್ಮಡಿಯನ್ನು ಗಾಳಿಯಲ್ಲಿ ಹುಡುಕಲಿ. ಎರಡು ಕಾಲಿನ ಮೇಲೆ ನಿಂತಿರುವಾಗಲೇ ನಾಲ್ಕು ಕಾಲಿನ ಪ್ರಾಣಿಯ ಹಿಂಗಾಲು ಅವರಿಗೆ ಸಿಕ್ಕಿಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಎರಡನೆಯ ಗೋವಿನ ಹಾಡಿನಲ್ಲಿ ಪುಣ್ಯಕೋಟಿಯಾಗಿದ್ದ ಹುಡುಗಿಯನ್ನು ನಲವತ್ತು ನಿಮಿಷದ ನಾಟಕದುದ್ದಕ್ಕೂ ಕೈಕಾಲು ಊರಿಸಿಯೇ ಇಟ್ಟಿದ್ದೆ. ಹತ್ತನೆಯ ದಿನ ಅವಳ ಬಲಗೈ ಮಣಿಕಟ್ಟು ಊದಿಕೊಂಡಿತು. ತಪ್ಪು ನನ್ನದು. ನಮ್ಮ ಕಾಲು ಕೈಗಿಂತ ಉದ್ದ. ಕೈಕಾಲು ಊರಿದರೆ ಸೊಂಟ ತಲೆಗಿಂತ ಮೇಲೇರುತ್ತದೆ, ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ, ಕತ್ತು ಎತ್ತಿ ನೋಡಲು ಕಷ್ಟವಾಗುತ್ತದೆ. ಮಂಡಿಯೂರಿದರೆ ಹಸುವಿನ ಬದಲು ಅಂಬೆಗಾಲಿಕ್ಕುವ ಕೂಸು ಕಾಣುತ್ತದೆ. ಈಗ ನನ್ನ ನಿಯಮ ಹೀಗಿದೆ: ಯಾವ ಮಗುವೂ ಒಂದು ಸಲಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೈಯ ಮೇಲೆ ಭಾರ ಹಾಕುವಂತಿಲ್ಲ. ಮಲಗುವುದು, ಏಳುವುದು, ಕರುವಿಗೆ ಹಾಲೂಡಿಸುವುದು, ಇಂಥ ಎರಡು ಮೂರು ಗಳಿಗೆಗಳಿಗೆ ಮಾತ್ರ ನೆಲ. ಉಳಿದ ನಾಟಕವೆಲ್ಲ ಎರಡು ಕಾಲಿನ ಮೇಲೆ. ಪ್ರತಿದಿನ ತಾಲೀಮಿಗೆ ಮೊದಲು ಮಣಿಕಟ್ಟು, ಹೆಗಲು, ಸೊಂಟದ ಕೀಲುಗಳನ್ನು ತಿರುಗಿಸಿ ಸಡಿಲ ಮಾಡಿಸಿ. ಶಾಲೆಯ ವೇದಿಕೆ ಸಿಮೆಂಟಿನದಾದರೆ ಬರಿಗಾಲು ಒಳ್ಳೆಯದು. ಜಮಖಾನ ಹಾಸಿದರೆ ಅಂಚು ಜಾರುತ್ತದೆ. ನೆಲಕ್ಕೆ ಇಳಿಯುವ ಜಾಗದಲ್ಲಿ ಮಾತ್ರ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಕಿ, ಅದನ್ನು ಗೋದಲಿಯ ಹುಲ್ಲು ಎಂದುಕೊಂಡರೆ ರಂಗಸಜ್ಜಿಕೆಯೂ ಆಯಿತು.

ಎರಡು ಕಾಲಿನ ಮೇಲೆ ಹಸುವನ್ನು ನಿಲ್ಲಿಸುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಡೀ ಕೆಲಸದ ಬುನಾದಿ ಇದು. ಪಾದಗಳನ್ನು ಸೊಂಟದಷ್ಟು ಅಗಲಿಸಿ ನಿಲ್ಲಬೇಕು. ಮಂಡಿ ಬಿಗಿಯಾಗಿರಬಾರದು. ಸೊಂಟದಿಂದ ಮುಂದಕ್ಕೆ ಒಂದು ಗೇಣಿನಷ್ಟು ಬಾಗಬೇಕು, ಬೆನ್ನು ಗೂನಾಗಬಾರದು. ಕೈಗಳು ಹೆಗಲಿನಿಂದ ಸತ್ತ ಹಾಗೆ ಜೋತುಬೀಳಲಿ, ಅವು ಸದ್ಯಕ್ಕೆ ಬೇಡ. ಈಗ ಹೊಟ್ಟೆ. ಹಸುವಿನ ಭಾರವೆಲ್ಲ ಹೊಟ್ಟೆಯಲ್ಲಿದೆ. ಹೊಕ್ಕುಳಿನ ಕೆಳಗೆ ಒಂದು ಕೊಡ ನೀರು ತೂಗುತ್ತಿದೆ, ಅದು ತುಳುಕಬಾರದು ಎಂದು ಮಗುವಿಗೆ ಹೇಳಿ. ಉಸಿರು ಮೂಗಿನಿಂದ, ನಿಧಾನ, ಹೊಟ್ಟೆಯ ಪಕ್ಕೆಗಳು ಉಬ್ಬುವಂತೆ. ಕೊನೆಗೆ ಕತ್ತು. ಗಂಗೆದೊಗಲು ಜೋಲಾಡುವಷ್ಟು ಭಾರ ಕತ್ತಿನ ಮುಂದಿದೆ ಎಂದುಕೊಂಡು ಗಲ್ಲವನ್ನು ತುಸು ಇಳಿಸಬೇಕು. ಇಷ್ಟು ಮಾಡಿ ಒಂದು ನಿಮಿಷ ಹಾಗೇ ನಿಲ್ಲಿಸಿ. ಮೊದಲ ಇಪ್ಪತ್ತು ಸೆಕೆಂಡು ನಗು ಬರುತ್ತದೆ, ಬರಲಿ. ನಲವತ್ತನೆಯ ಸೆಕೆಂಡಿನ ಹೊತ್ತಿಗೆ ತರಗತಿ ತಣ್ಣಗಾಗುತ್ತದೆ. ಆಗ ನೀವು ಕೋಣೆಯ ಮೂಲೆಯಲ್ಲಿ ಒಂದು ಚಮಚ ಬೀಳಿಸಿ.

ಚಮಚ ಬಿದ್ದಾಗ ಮಕ್ಕಳೆಲ್ಲ ತಲೆ ತಿರುಗಿಸುತ್ತಾರೆ. ಹಸು ಹಾಗೆ ಮಾಡುವುದಿಲ್ಲ. ಅದರ ಕಣ್ಣು ತಲೆಯ ಎರಡು ಬದಿಯಲ್ಲಿದೆ, ತನ್ನ ಬೆನ್ನ ಹಿಂದಿನ ಕಿರಿದಾದ ಪಟ್ಟಿಯೊಂದನ್ನು ಬಿಟ್ಟರೆ ಸುತ್ತಲೂ ಅದಕ್ಕೆ ಕಾಣುತ್ತದೆ. ಸದ್ದಾದ ಕಡೆಗೆ ಮೊದಲು ತಿರುಗುವುದು ಕಿವಿ. ನಮಗೆ ಕಿವಿ ತಿರುಗಿಸಲು ಬರುವುದಿಲ್ಲವಾದ್ದರಿಂದ ಆ ಕೆಲಸವನ್ನು ಬೇರೆ ಅಂಗಕ್ಕೆ ಒಪ್ಪಿಸಬೇಕು. ಕೆಲವರು ಅಂಗೈಯನ್ನು ಕಿವಿಯ ಪಕ್ಕ ಇಟ್ಟುಕೊಂಡು ಆಡಿಸುತ್ತಾರೆ, ಮಕ್ಕಳ ಹಬ್ಬದಲ್ಲಿ ಮುದ್ದಾಗಿ ಕಾಣುತ್ತದೆ, ಆದರೆ ನೋಡುವವರ ಕಣ್ಣು ಕೈಗೇ ಅಂಟಿಕೊಳ್ಳುತ್ತದೆ. ನಾನು ಮೊಣಕೈಗೆ ಒಪ್ಪಿಸುತ್ತೇನೆ. ಜೋತುಬಿದ್ದ ತೋಳಿನ ಮೊಣಕೈ ಸದ್ದಿನ ಕಡೆಗೆ ಎರಡು ಬೆರಳಿನಷ್ಟು ತಿರುಗುತ್ತದೆ, ಅಷ್ಟೇ. ಅದರೊಂದಿಗೆ ಮೆಲುಕು ನಿಲ್ಲುತ್ತದೆ.

ಈ ಮೆಲುಕು ನನ್ನ ಪಾಲಿಗೆ ಹಸುವಿನ ಇಡೀ ಮನಸ್ಸು. ದವಡೆ ಮೇಲೆ ಕೆಳಗೆ ಆಡುವುದಿಲ್ಲ, ಅಡ್ಡಡ್ಡ ಅರೆಯುತ್ತದೆ, ಬೀಸುವ ಕಲ್ಲಿನ ಹಾಗೆ. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ. ಒಂದು ನಿಮಿಷದ ಹತ್ತಿರ ಅರೆದು ನುಂಗುತ್ತದೆ. ಆಮೇಲೆ ಮೂರು ನಾಲ್ಕು ಸೆಕೆಂಡು ಬಿಡುವು. ಕತ್ತಿನ ಕೆಳಗಿನಿಂದ ಮೇಲಕ್ಕೆ ಉಂಡೆಯೊಂದು ಓಡಿಬರುವುದು ಚರ್ಮದ ಹೊರಗೇ ಕಾಣುತ್ತದೆ, ಮತ್ತೆ ಅರೆಯುವುದು ಆರಂಭ. ನೆಮ್ಮದಿಯಲ್ಲಿರುವ ಹಸು ದಿನಕ್ಕೆ ಆರೇಳು ಗಂಟೆ ಇದನ್ನೇ ಮಾಡುತ್ತದೆ. ಹೆದರಿದ ಹಸು ಮೆಲುಕು ಹಾಕುವುದಿಲ್ಲ. ಈ ಲಯವನ್ನು ಮಕ್ಕಳಿಗೆ ತೊಡೆಯ ಮೇಲೆ ತಟ್ಟಿಸಿ ಕಲಿಸಿ: ಐವತ್ತು ತಟ್ಟು, ನುಂಗು, ನಾಲ್ಕು ಎಣಿಕೆ ಖಾಲಿ, ಮತ್ತೆ ಐವತ್ತು. ಎರಡು ದಿನ ಕಳೆದರೆ ಎಣಿಸಬೇಕಾಗುವುದಿಲ್ಲ. ಇನ್ನುಮೇಲೆ ರಂಗದ ಮೇಲೆ ಭಯ, ಆಸೆ, ಕರುವಿನ ನೆನಪು ಏನನ್ನೇ ತೋರಿಸಬೇಕಾದರೂ ಮುಖವನ್ನು ಹಿಂಡುವ ಅಗತ್ಯವಿಲ್ಲ. ಮೆಲುಕು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಮತ್ತೆ ಯಾವಾಗ ಆರಂಭವಾಯಿತು ಎಂಬುದೇ ಅಭಿನಯ.

ನಡಿಗೆಗೆ ಐದನೆಯ ದಿನ ಬನ್ನಿ. ಹಸು ನಡೆಯುವ ಕ್ರಮ ಹೀಗೆ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ನಾಲ್ಕು ಸಮನಾದ ಸದ್ದು. ಇಬ್ಬರು ಮಕ್ಕಳನ್ನು ಹಿಂದೆ ಮುಂದೆ ನಿಲ್ಲಿಸಿ, ಹಿಂದಿನವಳು ಮುಂದಿನವಳ ಸೊಂಟ ಹಿಡಿದು, ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ ಎಂದು ನಡೆಸಿದರೆ ಲಯ ತಾನಾಗಿಯೇ ತಿಳಿಯುತ್ತದೆ. ತಿಳಿದ ಮೇಲೆ ಬಿಡಿಸಿ ಒಬ್ಬೊಬ್ಬರನ್ನೇ ನಡೆಸಿ, ಹೊಟ್ಟೆಯ ಕೊಡ ತುಳುಕದಂತೆ. ನಮ್ಮ ಮಲೆನಾಡು ಗಿಡ್ಡದ ಹೆಜ್ಜೆ ಚುರುಕು, ಗುಡ್ಡ ಹತ್ತಿ ಮೇಯುವ ಪುಟ್ಟ ಮೈ ಅದು. ಡೈರಿಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸುವಿನ ಭಾರದ ನಡಿಗೆ ಬೇರೆ. ಪುಣ್ಯಕೋಟಿ ಕಾಡಿಗೆ ಮೇಯಲು ಹೋಗುವವಳು, ಹಾಗಾಗಿ ನಾನು ಗಿಡ್ಡದ ಹೆಜ್ಜೆಯನ್ನೇ ಆರಿಸಿಕೊಂಡೆ.

ಹುಲಿಯನ್ನು ಕಲಿಸುವ ಮೊದಲು ಹುಲಿವೇಷದ ಮಾತು ಬಂದೇ ಬರುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕಡೆ ಅಷ್ಟಮಿ, ನವರಾತ್ರಿಯಲ್ಲಿ ತಾಸೆಯ ಬಡಿತಕ್ಕೆ ಕುಣಿಯುವ ಹುಲಿಗಳನ್ನು ಕಂಡ ಮಗು ತಾಲೀಮಿನಲ್ಲೂ ಅದನ್ನೇ ಕುಣಿಯುತ್ತದೆ. ಆ ಕುಣಿತದ ಮೇಲೆ ನನಗೆ ತುಂಬು ಗೌರವವಿದೆ. ಎಷ್ಟೋ ಮಂದಿ ಅದನ್ನು ದೇವಿಗೆ ಹರಕೆಯಾಗಿ ಕಟ್ಟುತ್ತಾರೆ, ಮೈಗೆ ಬಣ್ಣ ಬಳಿಸಿಕೊಂಡು ಗಂಟೆಗಟ್ಟಲೆ ನಿಲ್ಲುತ್ತಾರೆ, ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವ ಶಕ್ತಿ ತೋರಿಸುತ್ತಾರೆ. ಅದರಿಂದ ಕಲಿಯಬೇಕಾದದ್ದು ತೊಡೆಯ ಕಸುವು, ತಗ್ಗಿದ ಸೊಂಟ, ಅಗಲಿಸಿದ ಪಾದ. ಆದರೆ ಅಲ್ಲಿ ಹುಲಿ ಎಲ್ಲರಿಗೂ ಕಾಣಿಸಿಕೊಳ್ಳಲೆಂದೇ ಬಂದಿರುತ್ತದೆ. ನಮ್ಮ ಕಥೆಯ ಹುಲಿ ಹಸಿದದ್ದು, ಹೊಂಚುಹಾಕಿದ್ದು, ತಾನು ಅಲ್ಲಿಲ್ಲ ಎಂಬಂತೆ ಇರಬೇಕಾದದ್ದು. ತಾಸೆಯ ಹೆಜ್ಜೆಯಲ್ಲಿ ಹೊಂಚು ಹಾಕಲಾಗುವುದಿಲ್ಲ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ, ಹುಲಿವೇಷದ ಕುಣಿತವನ್ನು ಒಂದು ದಿನ ಮನಸಾರೆ ಕುಣಿಯಲು ಬಿಟ್ಟು, ಮರುದಿನ ಬೆಕ್ಕಿಗೆ ಬನ್ನಿ.

ಬೆಕ್ಕು ಅಂಗಳ ದಾಟುವುದನ್ನು ಪಕ್ಕದಿಂದ ನೋಡಿ. ತಲೆ ದಾರ ಕಟ್ಟಿ ಎಳೆದಂತೆ ಒಂದೇ ಮಟ್ಟದಲ್ಲಿ ಸಾಗುತ್ತದೆ. ಅದರ ಹಿಂದೆ ಹೆಗಲ ಹಲಗೆಗಳು ಒಂದಾದ ಮೇಲೊಂದು ಬೆನ್ನಿಗಿಂತ ಮೇಲೆದ್ದು ಇಳಿಯುತ್ತವೆ. ಬೆಕ್ಕಿನ ಜಾತಿಯಲ್ಲಿ ಕತ್ತಿನ ಬುಡದ ಅಡ್ಡಮೂಳೆ ಬಹಳ ಚಿಕ್ಕದು, ಬೇರೆ ಮೂಳೆಗೆ ಕೂಡಿಕೊಂಡಿರುವುದಿಲ್ಲ. ಅದಕ್ಕೇ ಹೆಗಲು ಅಷ್ಟು ಸಡಿಲ. ಹಿಂಗಾಲು ಮುಂಗಾಲಿನ ಗುರುತಿನ ಮೇಲೆಯೇ ಬೀಳುತ್ತದೆ, ಸದ್ದಿಲ್ಲದ ಜಾಗವನ್ನು ಮುಂಗಾಲು ಮೊದಲೇ ಹುಡುಕಿಟ್ಟಿರುತ್ತದೆ. ಶಿವಮೊಗ್ಗದ ಹತ್ತಿರ ತ್ಯಾವರೆಕೊಪ್ಪದಲ್ಲಿ ಹುಲಿ, ಸಿಂಹಗಳ ಸಫಾರಿ ಇದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಬಸ್ಸಿನ ಕಿಟಕಿಯಿಂದ ಕಂಡದ್ದೂ ಇದೇ ಹೆಗಲು, ಇದೇ ತಲೆ. “ಟೀಚರ್, ಅದು ನಮ್ಮನ್ನು ನೋಡಲೇ ಇಲ್ಲ” ಎಂದು ಒಬ್ಬ ಹುಡುಗ ನಿರಾಸೆಯಿಂದ ಹೇಳಿದ. ನಾಟಕದ ಹುಲಿಯ ಪಾತ್ರವನ್ನು ಅವನಿಗೇ ಕೊಟ್ಟೆ. ಹುಲಿ ಎಲ್ಲಿ ನೋಡುತ್ತದೆ ಎಂಬುದನ್ನು ಅವನೊಬ್ಬನೇ ಗಮನಿಸಿದ್ದ.

ಹುಲಿಗೆ ಎರಡು ಅಭ್ಯಾಸ ಸಾಕು. ಒಂದು, ಅಂಗೈಯಗಲದ ಬಟ್ಟೆಚೀಲದಲ್ಲಿ ಅಕ್ಕಿ ತುಂಬಿ ತಲೆಯ ಮೇಲಿಟ್ಟು, ಮಂಡಿ ಬಗ್ಗಿಸಿ, ಹೆಗಲನ್ನು ಒಂದಾದ ಮೇಲೊಂದು ಹಿಂದಕ್ಕೆ ಉರುಳಿಸುತ್ತ ನಡೆಯುವುದು. ಚೀಲ ಬೀಳಬಾರದು. ಇನ್ನೊಂದು ಮಕ್ಕಳಿಗೆ ಬಹಳ ಇಷ್ಟದ್ದು. ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡುವೆ ಕೂರುತ್ತಾರೆ, ಸುತ್ತ ಒಣ ತರಗೆಲೆ ಹರಡಿರುತ್ತದೆ, ಹುಲಿ ಹೊರಗಿನಿಂದ ಬಂದು ಅವರ ಬೆನ್ನು ಮುಟ್ಟಬೇಕು. ಸದ್ದು ಕೇಳಿದ ಕಡೆಗೆ ಕೂತವರು ಬೆರಳು ತೋರಿಸಿದರೆ ಹುಲಿ ವಾಪಸು. ಪಾದದ ಮುಂಭಾಗವನ್ನು ಮೊದಲು ನೆಲಕ್ಕೆ ತಾಗಿಸಿ, ಎಲೆ ಸರಿಸಿ, ಜಾಗ ಸರಿಯಿದೆ ಎಂದು ಗೊತ್ತಾದ ಮೇಲೆ ಭಾರ ಬಿಡುವುದನ್ನು ಈ ಆಟವೇ ಕಲಿಸುತ್ತದೆ, ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗರ್ಜನೆ ಬೇಡ. ಹೊಂಚು ಹಾಕುವ ಹುಲಿ ಗರ್ಜಿಸುವುದಿಲ್ಲ, ಮಗುವಿನ ಗಂಟಲೂ ಉಳಿಯುತ್ತದೆ.

ಈ ಪ್ರಾಣಿಗಳು ಮಾತಾಡುತ್ತವಲ್ಲ, ಅದು ನಿಜವಾದ ಕಷ್ಟ. ಪೂರ್ತಿ ಹಸುವಾಗಿ ನಿಂತ ಮಗು ಬಾಯಿ ತೆರೆದು ಸತ್ಯದ ಮಾತಾಡಿದ ಕೂಡಲೇ ಹಸು ಮಾಯವಾಗುತ್ತದೆ. ಇದಕ್ಕೆ ಹತ್ತರ ಎಣಿಕೆ ಇಟ್ಟುಕೊಂಡಿದ್ದೇನೆ. ಹತ್ತು ಎಂದರೆ ಪೂರಾ ಪ್ರಾಣಿ, ಒಂದು ಎಂದರೆ ಪೂರಾ ಮನುಷ್ಯ. ನಾನು ಅಂಕೆ ಕೂಗುತ್ತ ಹೋದಂತೆ ಮಕ್ಕಳು ಏರಿಳಿಯಬೇಕು: ಹತ್ತು, ಎಂಟು, ಐದು, ಮೂರು. ಮೂರರಲ್ಲಿ ನೆಟ್ಟಗೆ ನಿಂತ ಹುಡುಗಿ, ಆದರೆ ಉಸಿರು ಹೊಟ್ಟೆಯಲ್ಲೇ ಇದೆ, ಗಲ್ಲ ಇಳಿದೇ ಇದೆ, ಮಾತಿನ ನಡುವಿನ ಬಿಡುವಿನಲ್ಲಿ ದವಡೆ ಒಂದು ಸಲ ಅಡ್ಡ ಹೋಗುತ್ತದೆ. ಸಂಭಾಷಣೆಯೆಲ್ಲ ಮೂರು, ನಾಲ್ಕರಲ್ಲಿ. ಕೇಳುವಾಗ ಏಳಕ್ಕೆ ಏರಬೇಕು, ಹೇಳುವಾಗ ಇಳಿಯಬೇಕು. ಹುಲಿಯದು ಇದಕ್ಕೆ ವಿರುದ್ಧ ದಿಕ್ಕು. ಅದು ಒಂಬತ್ತರಲ್ಲಿ ಪ್ರವೇಶಿಸಿ, ಹಸು ಮರಳಿ ಬಂದು ಎದುರು ನಿಂತಾಗ ಎರಡಕ್ಕೆ ಇಳಿದಿರುತ್ತದೆ. ಪ್ಯಾರಿಸ್‌ನಲ್ಲಿ 1956ರಲ್ಲಿ ಜಾಕ್ ಲೆಕಾಕ್ ಆರಂಭಿಸಿದ ರಂಗಶಾಲೆಯಲ್ಲಿ ನಟರಿಗೆ ಪ್ರಾಣಿಗಳ ಅಭ್ಯಾಸ ಮಾಡಿಸುವುದು ಮನುಷ್ಯ ಪಾತ್ರಗಳನ್ನು ಕಟ್ಟಲಿಕ್ಕೂ ಹೌದು. ನನ್ನ ಹುಲಿ ಎರಡನೆಯ ಅಂಕೆಗೆ ಇಳಿದಾಗಲೆಲ್ಲ ಅದು ಯಾಕೆಂದು ಅರ್ಥವಾಗುತ್ತದೆ.

ಭರತನಾಟ್ಯ ಕಲಿತ ಮಕ್ಕಳಿದ್ದರೆ ಅವರು ಹಸ್ತಮುದ್ರೆಯಿಂದ ಆರಂಭಿಸುತ್ತಾರೆ. ಅಭಿನಯದರ್ಪಣವೆಂಬ ಹಳೆಯ ನಾಟ್ಯಗ್ರಂಥದಲ್ಲಿ ಹೇಳಿರುವ ಹತ್ತು ಗತಿಗಳಲ್ಲಿ, ಅಂದರೆ ನಡಿಗೆಗಳಲ್ಲಿ, ಎಂಟು ಪ್ರಾಣಿಗಳವೇ: ಹಂಸ, ನವಿಲು, ಜಿಂಕೆ, ಆನೆ, ಕುದುರೆ, ಸಿಂಹ, ಹಾವು, ಕಪ್ಪೆ. ಆ ಮಕ್ಕಳ ಪಾದ ಶುದ್ಧ, ಬೆನ್ನು ನೇರ, ಅದನ್ನು ಬಳಸಿಕೊಳ್ಳಿ. ಮುದ್ರೆಯನ್ನು ಮಾತ್ರ ಮೊದಲ ವಾರ ಬದಿಗಿಡಲು ಹೇಳಿ. ಆ ಪಟ್ಟಿಯಲ್ಲಿ ಹಸು ಇಲ್ಲ ಎಂದು ನೆನಪಿಸಿದರೆ ಅವರಿಗೂ ಹುರುಪು ಬರುತ್ತದೆ. ಹೊಸ ಗತಿಯೊಂದನ್ನು ತಾವೇ ಕಟ್ಟಬೇಕಲ್ಲ!

ಬೇರೆ ಪ್ರಾಣಿಗಳ ಬಗ್ಗೆ ಚುಟುಕಾಗಿ. ಗುಬ್ಬಿ ಎರಡು ಕಾಲನ್ನೂ ಕೂಡಿಸಿ ಕುಪ್ಪಳಿಸುತ್ತದೆ, ಗೊರವಂಕ ಒಂದೊಂದು ಹೆಜ್ಜೆ ಇಟ್ಟು ನಡೆಯುತ್ತದೆ, ಕಾಗೆ ಎರಡನ್ನೂ ಮಾಡುತ್ತದೆ. ಕೋಳಿ ನಡೆಯುವಾಗ ತಲೆಯನ್ನು ಮುಂದಕ್ಕೆ ತಳ್ಳಿ ಅಲ್ಲೇ ಗಾಳಿಯಲ್ಲಿ ನಿಲ್ಲಿಸುತ್ತದೆ, ಮೈ ಹಿಂದಿನಿಂದ ಬಂದು ತಲೆಯನ್ನು ಸೇರುತ್ತದೆ. ಆನೆಯ ಪಾದದ ಹಿಂಭಾಗದಲ್ಲಿ ಮೆತ್ತೆಯಂಥ ಕೊಬ್ಬಿದೆ, ಅಷ್ಟು ದೊಡ್ಡ ಮೈ ಸದ್ದಿಲ್ಲದೆ ನಡೆಯುತ್ತದೆ, ಎಂದೂ ನೆಗೆಯುವುದಿಲ್ಲ. ಧಪಧಪ ಹೆಜ್ಜೆ ಹಾಕುವ ಆನೆ ಇದ್ದರೆ ಮಕ್ಕಳನ್ನು ಒಂದು ಬೆಳಿಗ್ಗೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದೊಯ್ಯಿರಿ.

ಪಾತ್ರ ಸಿಗದ ಮಕ್ಕಳದು ದೊಡ್ಡ ಚಿಂತೆ. ನನಗೆ ಅವರೇ ಆಸ್ತಿ, ಏಕೆಂದರೆ ಹಿಂಡು ಇಲ್ಲದೆ ಹಸು ಇಲ್ಲ. ಎಂಟು ಹತ್ತು ಮಕ್ಕಳನ್ನು ರಂಗದ ಹಿಂಭಾಗದಲ್ಲಿ, ಒಂದೇ ದಿಕ್ಕಿಗೆ ಮುಖ ಮಾಡಿ, ನಡುವೆ ಕೈ ಚಾಚುವಷ್ಟು ಜಾಗ ಬಿಟ್ಟು ನಿಲ್ಲಿಸಿ. ಎಲ್ಲರೂ ತಮ್ಮ ತಮ್ಮ ಲಯದಲ್ಲಿ ಮೆಲುಕು ಹಾಕಲಿ, ಒಂದೇ ತಾಳ ಬೇಡ. ಒಂದು ಹಸು ನಿಲ್ಲಿಸಿದರೆ ಪಕ್ಕದ ಹಸು ಎರಡು ಎಣಿಕೆಯ ನಂತರ ನಿಲ್ಲಿಸಬೇಕು, ಅದರ ಪಕ್ಕದ್ದು ಇನ್ನೆರಡು ಎಣಿಕೆ ಬಿಟ್ಟು. ಗಾಬರಿ ಹಿಂಡಿನೊಳಗೆ ಗಾಳಿ ಗದ್ದೆಯಲ್ಲಿ ಹಾಯುವಂತೆ ಹಾಯುತ್ತದೆ. ಇದಕ್ಕೆ ಮೂರು ದಿನ ಬೇಕು. ಮಕ್ಕಳು ಕಣ್ಣಂಚಿನಲ್ಲಿ ಪಕ್ಕದವರನ್ನು ನೋಡುವುದನ್ನು ಕಲಿಯಬೇಕು, ಅದೇ ಹಸುವಿನ ಕಣ್ಣು.

ಹುಲಿ ಮೊದಲ ಸಲ ಬರುವ ದೃಶ್ಯವನ್ನು ಹೀಗೆ ಕಟ್ಟಿದೆವು. ಪುಣ್ಯಕೋಟಿಯ ಕೊರಳಿಗೆ ಒಂದೇ ಒಂದು ಗಂಟೆ, ಅದೊಂದೇ ನಾಟಕದ ಪರಿಕರ. ಅವಳು ಮೇಯುತ್ತ ಹಿಂಡಿನಿಂದ ದೂರ ಬರುತ್ತಾಳೆ, ಗಂಟೆ ಸಣ್ಣಗೆ ಆಡುತ್ತಿದೆ. ಹುಲಿ ಹಿಂಡಿನ ಹಿಂದಿನಿಂದ, ಮಕ್ಕಳ ಕಾಲುಗಳ ನಡುವಿನ ಜಾಗದಲ್ಲಿ ಬರುತ್ತದೆ. ಹಿಂಡಿಗೆ ಅದು ಗೊತ್ತಾಗಿಲ್ಲ, ಪ್ರೇಕ್ಷಕರಿಗೆ ಗೊತ್ತಾಗಿದೆ. ಹುಲಿ ಒಂದು ಹೆಜ್ಜೆ ಇಟ್ಟಾಗ ಗಂಟೆ ಆಡುತ್ತದೆ, ಗಂಟೆ ನಿಂತಾಗ ಹುಲಿಯೂ ನಿಲ್ಲುತ್ತದೆ. ಇಷ್ಟೇ. ಮೊದಲು ನಾನು ಇಲ್ಲಿ ಡೋಲು ಹಾಕಿಸಿದ್ದೆ. ಆರನೆಯ ತಾಲೀಮಿನಲ್ಲಿ ಡೋಲು ಬಾರಿಸುವವನಿಗೆ ಜ್ವರ ಬಂದು ಅವನು ಇಲ್ಲದೆ ದೃಶ್ಯ ನಡೆಸಿದಾಗ, ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಅಡುಗೆಯಮ್ಮ ಉಸಿರು ಹಿಡಿದದ್ದು ನನಗೆ ಕೇಳಿಸಿತು. ಡೋಲನ್ನು ಮತ್ತೆ ತರಲಿಲ್ಲ.

ಹುಲಿ ಪ್ರಾಣ ಬಿಡುವ ದೃಶ್ಯಕ್ಕೆ ಎತ್ತರದ ಬಂಡೆ ಕಟ್ಟಿಸಬೇಡಿ, ಮಕ್ಕಳನ್ನು ಮೇಜಿನ ಮೇಲಿಂದ ಹಾರಿಸಬೇಡಿ. ಮೂರು ನಾಟಕಗಳಲ್ಲಿ ನಾನು ಈ ನೆಗೆತಕ್ಕಾಗಿ ಪರದಾಡಿದ್ದೇನೆ, ಹಾಸಿಗೆ ಹಾಕಿ, ಬೆಳಕು ಆರಿಸಿ, ಬಟ್ಟೆ ಬೀಸಿ. ನಾಲ್ಕನೆಯದರಲ್ಲಿ ಹಿಂಡಿಗೆ ಒಪ್ಪಿಸಿದೆ. ಹುಲಿ ಎರಡರ ಅಂಕೆಯಲ್ಲಿ, ಹೆಚ್ಚುಕಡಿಮೆ ಮನುಷ್ಯನಾಗಿ, ಬೆನ್ನು ತಿರುಗಿಸಿ ವಿಂಗ್‌ನೊಳಗೆ ನಡೆದು ಹೋಗುತ್ತದೆ. ರಂಗದ ಮೇಲೆ ಹಸುಗಳು ಮಾತ್ರ, ಮೆಲುಕು ಹಾಕುತ್ತ. ಐದು ಎಣಿಕೆ. ಕೊನೆಯ ಹಸುವಿನ ದವಡೆ ನಿಲ್ಲುತ್ತದೆ. ಅದರ ಪಕ್ಕದ್ದು. ಅದರ ಪಕ್ಕದ್ದು. ಒಂಬತ್ತು ಮೊಣಕೈಗಳು ಒಂದೇ ಕಡೆಗೆ ಎರಡೆರಡು ಬೆರಳಿನಷ್ಟು ತಿರುಗುತ್ತವೆ. ಪುಣ್ಯಕೋಟಿ ಮಾತ್ರ ತಲೆ ಎತ್ತುವುದಿಲ್ಲ, ಅವಳಿಗೆ ಮೊದಲೇ ಗೊತ್ತು. ಗಂಟೆ ಆಡಬಾರದು. ಆ ಹುಡುಗಿ ಹನ್ನೆರಡು ಎಣಿಕೆಯವರೆಗೆ ಗಂಟೆ ಆಡದಂತೆ ಉಸಿರಾಡಲು ಎರಡು ವಾರ ಅಭ್ಯಾಸ ಮಾಡಿದಳು, ಮನೆಯಲ್ಲಿ ಮಲಗುವಾಗಲೂ ಗಂಟೆ ಕಟ್ಟಿಕೊಂಡಿದ್ದಳು ಎಂದು ಅವಳ ಅಮ್ಮ ಹೇಳಿದರು.

ಉಡುಪಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಬಣ್ಣದ ಹತ್ತಿಯ ಅಂಗಿ, ಮಂಡಿಯವರೆಗಿನ ಪೈಜಾಮ. ದವಡೆ, ಕತ್ತು, ಮೊಣಕೈ, ಪಾದ ಕಾಣಬೇಕು, ಅವುಗಳನ್ನು ಮುಚ್ಚುವ ಯಾವುದೂ ಬೇಡ. ಮುಖಕ್ಕೆ ಬಣ್ಣ ಹಚ್ಚಲೇಬೇಕೆಂದು ಪೋಷಕರು ಒತ್ತಾಯಿಸಿದರೆ ಹುಬ್ಬಿನ ಮೇಲೆ ಮಾತ್ರ ಹಚ್ಚಿ. ಬೆಳಕನ್ನು ಪಕ್ಕದಿಂದ ಕೊಟ್ಟರೆ ಹುಲಿಯ ಹೆಗಲು ಚೆನ್ನಾಗಿ ಏಳುತ್ತದೆ.

ತಾಲೀಮು ಮುಗಿದ ಮೇಲೆ ಮಕ್ಕಳನ್ನು ಪ್ರಾಣಿಯಾಗಿಯೇ ಮನೆಗೆ ಕಳಿಸಬಾರದು. ಹುಲಿಯಾದ ಹುಡುಗರು ಇಡೀ ಸಂಜೆ ತಮ್ಮಂದಿರ ಮೇಲೆ ಬೀಳುತ್ತಾರೆ, ಅಷ್ಟೇ ಆಗಿದ್ದರೆ ಸರಿ, ಸಾವಿನ ದೃಶ್ಯ ಆಡಿದ ಮಗು ಒಳಗೊಳಗೇ ಭಾರವಾಗಿಬಿಡುತ್ತದೆ. ದಿನವೂ ಕೊನೆಯ ಐದು ನಿಮಿಷ ವೃತ್ತದಲ್ಲಿ ನಿಲ್ಲಿಸಿ ಹತ್ತರಿಂದ ಒಂದಕ್ಕೆ ಎಣಿಸುತ್ತೇನೆ. ಒಂದಕ್ಕೆ ಬಂದಾಗ ಇಡೀ ಪಾದ ನೆಲಕ್ಕೆ ಊರಬೇಕು, ಹಿಮ್ಮಡಿ ಸಹಿತ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಹೆಸರು, ಮನೆಗೆ ಹೋಗಿ ಏನು ತಿನ್ನುತ್ತೇನೆ ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಆ ಹುಲಿಯ ಹುಡುಗ ಕೊನೆಯ ಪ್ರದರ್ಶನದ ರಾತ್ರಿ ವೃತ್ತದಲ್ಲಿ ಬಹಳ ಹೊತ್ತು ಸುಮ್ಮನಿದ್ದ. ಎಲ್ಲರೂ ಕಾದೆವು. ಪುಣ್ಯಕೋಟಿಯಾಗಿದ್ದವಳು ಕೊರಳ ಗಂಟೆ ಬಿಚ್ಚಿ ಅವನ ಕೈಗೆ ಕೊಟ್ಟಳು. ಅವನು ಅದನ್ನು ಒಂದು ಸಲ ಆಡಿಸಿ ತನ್ನ ಹೆಸರು ಹೇಳಿದ, ಅವಲಕ್ಕಿ ಮೊಸರು ಎಂದ.